ನೋರೀನ್ ಮಗುಚಿದ ಅಂಗೈ

ಆಸ್ಟ್ರೇಲಿಯಾದ ಮರುಭೂಮಿಯ ಊರು ಊಡ್ನಡಟ್ಟದಿಂದ ಬಿಸಿನೀರಿನ ಬುಗ್ಗೆಗಳತ್ತ ಹೊರಟ ಮೇಲೆ ಗಾಡಿ ನಿಂತದ್ದು ಇದು ನಾಲ್ಕನೇ ಸಲ. ಟೆಸ್ಸಾಳ ಅತ್ತೆ ನೋರೀನ್ ಕೆಳಗಿಳಿದು, ಅಂಗೈ ಮಗುಚಿ ಅದರ ಹಿಂಬದಿಯನ್ನು ಒಂದೊಂದೇ ಟೈರಿಗೆ ಒತ್ತಿ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಈ ಕೆಂಪು ದಾರಿಯಲ್ಲಿ ಅಂಚೆ ಲಾರಿ ಓಡಿಸಿದವಳು ಆಕೆ. ದೂರದೂರದ ದನದ ಫಾರ್ಮುಗಳಿಗೆ ಕಾಗದ, ಹಿಟ್ಟು, ಒಮ್ಮೆ ಒಂದು ಪಿಯಾನೋವನ್ನೂ ಮುಟ್ಟಿಸಿದವಳು. ವಯಸ್ಸು ಅರವತ್ತೆಂಟಾದರೂ ಗಂಟೆಗೊಮ್ಮೆ ಟೈರು ಮುಟ್ಟದೆ ಆಕೆಗೆ ಸಮಾಧಾನವಿಲ್ಲ.

"ಅಮ್ಮಾ, ಟೈರಿಗೂ ಔಷಧಿ ಕುಡಿಸ್ಬೇಕಾ?" ಮುಂದಿನ ಸೀಟಿನಿಂದ ಮಗ ರಾಸ್, ಟೆಸ್ಸಾಳ ಗಂಡ, ಕೆಣಕಿದ.

"ಮೊದ್ಲು ನಿನ್ ಬಾಯಿಗೆ ಏನಾದ್ರೂ ತುರುಕ್ತೀನಿ. ಸುಮ್ನೆ ಕೂತ್ಕೊ."

ಹಿಂದೆ ಕೂತಿದ್ದ ಟೆಸ್ಸಾಳಿಗೆ ನಗು ಬರಲಿಲ್ಲ. ಅವಳ ಮೂರು ವರ್ಷದ ಮಗಳು ಮೇಬಲ್ ಕೆನ್ನೆ ಕೆಂಪಗಾಗಿ ಮಂಕಾಗಿ ಒರಗಿದ್ದಳು. ಅಡಿಲೇಡಿನಿಂದ ತಂದ ಥರ್ಮಾಮೀಟರು ಕೆಟ್ಟು, ಅಂಕಿಯ ಬದಲು ಬರೀ ಗೆರೆ ತೋರಿಸುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಆಸ್ಪತ್ರೆ ಎಷ್ಟು ದೂರ ಎಂದು ಬೆಳಗಿನಿಂದ ಮನಸ್ಸಿನಲ್ಲೇ ಅಳೆಯುತ್ತಿದ್ದಳು. ಅಳೆದಷ್ಟೂ ಅದು ಹಿಂದೆ ಸರಿಯುತ್ತಿತ್ತು.

"ನೋರೀನ್, ಇವಳಿಗೆ ಜ್ವರ ಅನ್ಸುತ್ತೆ. ವಾಪಸ್ ಹೋಗೋಣ."

ರಾಸ್ ಏನೋ ಹೇಳಹೋದ. ನೋರೀನ್ ಕಣ್ಣಲ್ಲೇ ಗದರಿದಳು.

"ತಾಯಿ ನೀನು, ಚಿನ್ನ. ತಿರುಗ್ಸಿ ಅಂದ್ರೆ ತಿರುಗಿಸ್ತೀನಿ. ಆದ್ರೆ ಟೈರ್ ಬದಲಾಯಿಸ್ದೆ ಯಾವ ಕಡೆಗೂ ಹೋಗಕ್ಕಾಗಲ್ಲ. ಎಡಗಡೆ ಹಿಂದಿಂದು ಸಣ್ಣಗೆ ಗಾಳಿ ಬಿಡ್ತಿದೆ."

ಟೆಸ್ಸಾ ಇಳಿದು ನೋಡಿದಳು. ನಾಲ್ಕೂ ಒಂದೇ ಥರ ಕಂಡವು.

"ನೋಡಿದ್ರೆ ಗೊತ್ತಾಗಲ್ಲ. ಗಾಳಿ ಇಳಿದ್ರೆ ಟೈರ್ ಬಿಸಿಯಾಗುತ್ತೆ. ಮುಟ್ಟು. ಮೊದ್ಲು ಬಲಗಡೇದು."

ಬಲಗಡೆಯದು ಬೆಚ್ಚಗಿತ್ತು. ಎಡಗಡೆಯದಕ್ಕೆ ಕೈಯಿಟ್ಟವಳು ಬಿಸಿ ತಾಗಿ ಥಟ್ಟನೆ ಹಿಂತೆಗೆದಳು.

"ಹಾಂ. ಈಗ ಮಗೂನೂ ಹಾಗೇ ಮುಟ್ಟು. ಎರಡೂ ಕಡೆ. ಬೆನ್ನೂ ನೋಡು."

ಕಿಟಕಿಯ ಕಡೆಯ ಕೆನ್ನೆ ಸುಡುತ್ತಿತ್ತು. ಇನ್ನೊಂದು ತಣ್ಣಗಿತ್ತು. ಅಂಗಿಯೊಳಗೆ ಕೈಹಾಕಿದರೆ ಬೆನ್ನೂ ತಣ್ಣಗೇ. ಬೆಳಗಿನಿಂದ ಬಿಸಿಲು ಬೀಳುತ್ತಿದ್ದದ್ದು ಒಂದೇ ಮಗ್ಗುಲಿಗೆ!

"ಅಮ್ಮಾ, ಸೂಸು," ಎಂದಳು ಮೇಬಲ್, ಕಣ್ಣುಜ್ಜುತ್ತಾ. ಮುಗಿಸಿ ಬಂದವಳೇ ಅರ್ಧ ಬಾಟಲಿ ನೀರು ಕುಡಿದು ಬಿಸ್ಕತ್ತು ಕೇಳಿದಳು.

ರಾಸ್ ಟೈರು ಬದಲಿಸಿದ. ನೋರೀನ್ ಸ್ಟೀರಿಂಗ್ ಹಿಡಿದು ಕೂತಳು, ಕೀಲಿ ಮಾತ್ರ ತಿರುಗಿಸಲಿಲ್ಲ. ಗೆದ್ದವಳ ಮುಖವೂ ಅದಲ್ಲ.

"ಯಾವ ಕಡೆ, ಟೆಸ್ಸಾ?"

ಟೆಸ್ಸಾ ಒದ್ದೆ ಟವೆಲ್ಲನ್ನು ಕಿಟಕಿಗೆ ಸಿಕ್ಕಿಸಿದಳು. ಮಗುವಿನ ಬೆನ್ನನ್ನು ಇನ್ನೊಮ್ಮೆ ಮುಟ್ಟಿದಳು.

"ಮುಂದಕ್ಕೆ."

ಸಂಜೆ ಬುಗ್ಗೆಯ ಬೆಚ್ಚನೆಯ ನೀರಿನಲ್ಲಿ ಸಣ್ಣ ಮೀನುಗಳು ಕಾಲ್ಬೆರಳು ಕಚ್ಚಿದಾಗ ಮೇಬಲ್ ಕಿರುಚಿ ಕಿರುಚಿ ನಕ್ಕಳು. "ತಲೆ ಮುಳುಗಿಸ್ಬೇಡ, ಮೂಗಿಗೆ ನೀರು ಹೋಗುತ್ತೆ," ಎಂದು ಟೆಸ್ಸಾ ಹತ್ತು ಸಲವಾದರೂ ಹೇಳಿರಬೇಕು. ನೋರೀನ್ ಒಮ್ಮೆಯೂ ಅವಳನ್ನು ಆಡಿಕೊಳ್ಳಲಿಲ್ಲ. ಮೊಮ್ಮಗಳ ಗಲ್ಲದ ಕೆಳಗೆ ಕೈಕೊಟ್ಟು ನಿಂತಿದ್ದಳು, ಅಷ್ಟೆ.

ಮರುದಿನ ವಾಪಸಾಗುವಾಗ, ಮೊದಲ ಗಂಟೆ ಕಳೆದು ಗಾಡಿ ನಿಂತಿತು. ನೋರೀನ್ ಬಾಗಿಲಿಗೆ ಕೈಹಾಕುವ ಮೊದಲೇ ಟೆಸ್ಸಾ ಇಳಿದಿದ್ದಳು.

"ಮುಗೀತು, ಇನ್ನೊಬ್ಳು ಶುರು ಹಚ್ಕೊಂಡ್ಳು," ಎಂದ ರಾಸ್.

ಟೆಸ್ಸಾ ಗಾಡಿಯ ಸುತ್ತ ಬಂದು, ನಾಲ್ಕನ್ನೂ ಅಂಗೈ ಮಗುಚಿ ಮುಟ್ಟಿ, "ಎಲ್ಲಾ ಒಂದೇ ಥರ ಇವೆ," ಎಂದಳು.

ನೋರೀನ್ ಇಳಿದು ನೋಡಲಿಲ್ಲ. ಕೀಲಿ ತಿರುಗಿಸಿದಳು.