ಮಾವ ಬೆಲ್ಲವನ್ನು ಮಣ್ಣು ಅಂದ ದಿನ

ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ನಿಂತು, ಎಲ್ಲರ ಎದುರಿಗೆ, ಒಬ್ಬ ರೈತನ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಥೂ ಎಂದು ಉಗಿದು, "ಇದು ಬೆಲ್ಲ ಅಲ್ಲ ಕಣಯ್ಯಾ, ಮಣ್ಣು!" ಎಂದರೆ ಏನಾಗುತ್ತದೆ ಗೊತ್ತೆ?

ನನಗೆ ಗೊತ್ತು. ಹೋದ ತಿಂಗಳು ಹಾಗೆ ಉಗಿದವರು ನನ್ನ ಸ್ವಂತ ಸೋದರಮಾವ. ಪಕ್ಕದಲ್ಲಿ ಖಾಲಿ ಚೀಲ ಹಿಡಿದು ನಿಂತಿದ್ದವಳು ನಾನು.

ವಿಷಯ ಶುರುವಾಗಿದ್ದು ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ. ಬಾಡಿಗೆ ಮನೆಗಳಲ್ಲಿ ಮೊಳೆ ಹೊಡೆಯಲೂ ಓನರ್ ಪರ್ಮಿಷನ್ ಕೇಳಿ ಕೇಳಿ ಸಾಕಾಗಿ, ಕೊನೆಗೂ ಎರಡು ರೂಮಿನ ಸ್ವಂತ ಮನೆ ಕಟ್ಟಿಕೊಂಡಿದ್ದೇವೆ. ಗೃಹಪ್ರವೇಶಕ್ಕೆ ಪಾಯಸ ಅಂತ ತೀರ್ಮಾನವಾಯಿತು. ಯಾವ ಪಾಯಸ? ಅಲ್ಲೇ ಜಗಳ.

"ನಮ್ಮ ಆಫೀಸಿನವರೆಲ್ಲ ಬರ್ತಾರೆ. ಸಕ್ಕರೆ ಪಾಯಸವೇ ಡೀಸೆಂಟ್" ಅಂದರು ಯಜಮಾನರು.

ಡೀಸೆಂಟ್ ಹೌದು. ಸಕ್ಕರೆ ಎಲ್ಲಿಂದ ತರೋಣ? ಕಂಟ್ರೋಲ್ ಅಂಗಡಿಯಲ್ಲಿ ಕಾರ್ಡಿಗೆ ಕೊಡುವ ಸಕ್ಕರೆ ಮನೆಯವರ ಕಾಫಿಗೇ ಸಾಲದು. (ಅದರಲ್ಲಿ ಅರ್ಧ ಗೋಣಿಚೀಲದ ನಾರು.) ಹೊರಗಡೆ ಕೊಳ್ಳೋಣವೆಂದರೆ ರೇಟು ಕೇಳಿದ ಕೂಡಲೇ ಬಾಯಿ ಕಹಿಯಾಗುತ್ತದೆ. ಬೆಲ್ಲದ ಪಾಯಸವೇ ಆಗಲಿ ಅಂದೆ.

"ಬೆಲ್ಲ ಹಾಕಿದ್ರೆ ಹಾಲು ಒಡೆಯುತ್ತೆ."

"ಒಳ್ಳೆ ಬೆಲ್ಲ ತಂದು, ಪಾಯಸ ಇಳಿಸಿ, ಆರಿಸಿ ಹಾಕಿದ್ರೆ ಒಡೆಯಲ್ಲ" ಅಂದವಳೇ ಹಿಂದೂಪುರದ ಬಸ್ಸು ಹತ್ತಿದೆ.

ಒಳ್ಳೆ ಬೆಲ್ಲ ಅಂದರೆ ನಮ್ಮ ಬಳಗಕ್ಕೆಲ್ಲ ಒಂದೇ ವಿಳಾಸ, ವೀರಭದ್ರಪ್ಪ ಮಾವ. ನಮ್ಮಮ್ಮನ ತಮ್ಮ. ಮಂಡಿಯಲ್ಲಿ ಬೆಲ್ಲ ಕೊಂಡು ಅಂಗಡಿಯಲ್ಲಿ ಮಾರುವುದೇ ಅವರ ಜೀವನ. ಬೆಲ್ಲದ ಅಚ್ಚಿನ ಮೂಲೆ ಮುರಿದು ನಾಲಿಗೆಗಿಟ್ಟು, ಕಣ್ಣು ಮುಚ್ಚುತ್ತಾರೆ. ಆಮೇಲೆ "ಪಾಕ ಜಾಸ್ತಿ ಆಯ್ತು" ಅನ್ನುತ್ತಾರೆ, ಇಲ್ಲವೇ "ಸುಣ್ಣ ಸುರಿದವ್ನೆ" ಅನ್ನುತ್ತಾರೆ. ಮಂಡಿಯ ಬೇರೆ ವ್ಯಾಪಾರಿಗಳು ಬೆಲ್ಲವನ್ನು ನೋಡುವ ಬದಲು ಮಾವನ ಮುಖವನ್ನು ನೋಡಿ ರೇಟು ಕೂಗುತ್ತಾರೆ.

ಅಂಥ ಮಾವನಿಗೆ ಹೋದ ವರ್ಷ ಶುಗರ್ ಬಂತು.

ಬೆಲ್ಲದ ವ್ಯಾಪಾರಿಗೆ ಬೆಲ್ಲ ಮುಟ್ಟಬೇಡ ಅಂದರೆ ಹೇಗಿರುತ್ತದೆ? ಡಾಕ್ಟರು ಸ್ಯಾಕರಿನ್ ಮಾತ್ರೆ ಹಾಕಿಕೊಂಡು ಕಾಫಿ ಕುಡಿಯಿರಿ ಅಂದರು. ಮಾವ ಧಾರಾಳದ ಮನುಷ್ಯ. ಮೊದಲ ದಿನವೇ ಒಂದು ಲೋಟಕ್ಕೆ ಒಂದು ಹಿಡಿ ಮಾತ್ರೆಗಳನ್ನು ಸುರಿದರು.

"ಹೆಂಗೈತೆ?" ಅಂತ ಗೌರತ್ತೆ ಕೇಳಿದರಂತೆ. (ಗೌರತ್ತೆ ಅಂದರೆ ಮಾವನ ಹೆಂಡತಿ ಗೌರಮ್ಮ.)

"ದೊಡ್ಡಳಿಯ ನಕ್ಕಂಗೈತೆ ಕಣೇ. ನಗು ಐತೆ, ಪ್ರೀತಿ ಇಲ್ಲ."

ಕೊನೆಗೆ ಡಾಕ್ಟರ ಜೊತೆ ಒಂದು ಒಪ್ಪಂದವಾಯಿತು. ಮಂಡಿಯಲ್ಲಿ ಬೆಲ್ಲವನ್ನು ನಾಲಿಗೆಗೆ ತಾಗಿಸಬಹುದು, ನುಂಗಬಾರದು, ಉಗಿಯಬೇಕು. ಮಾವ ನುಂಗುವುದಿಲ್ಲ ಅಂತ ಗ್ಯಾರಂಟಿ ಏನು? ಅದಕ್ಕೇ ನಾನು ಹೋದ ದಿನ ಅತ್ತೆಯೂ ನಮ್ಮ ಜೊತೆ ಮಂಡಿಗೆ ಹೊರಟರು. ನನಗೆ ಬೆಲ್ಲ ಆರಿಸಲು ಅನ್ನುವುದು ನೆಪ, ಮಾವನ ಗಂಟಲು ಕಾಯುವುದು ಕೆಲಸ.

ದಾರಿಯುದ್ದಕ್ಕೂ ಮಾವ ಏನೋ ಜಗಿಯುತ್ತಿದ್ದರು. ಎಂದಿನ ಎಲೆ ಅಡಿಕೆ ಅಂತ ನಾವು ಗಮನಿಸಲಿಲ್ಲ.

ಮಂಡಿಯಲ್ಲಿ ಮೊದಲ ರಾಶಿಯೇ ಅಂಜಿನಪ್ಪನದು. ಗೋರಂಟ್ಲ ಕಡೆಯ ರೈತ. ಇಡೀ ತೋಟದ ಕಬ್ಬು ಅರೆದು, ಹುಲ್ಲು ಹಾಸಿ, ಅಚ್ಚುಗಳನ್ನು ಮಕ್ಕಳನ್ನು ಮಲಗಿಸಿದ ಹಾಗೆ ಜೋಡಿಸಿದ್ದ. ಮಾವ ಎಲೆ ಉಗಿದು, ಮೂಲೆ ಮುರಿದರು. ಕಣ್ಣು ಮುಚ್ಚಿದರು. ಮುಖ ಸೊಟ್ಟಗಾಯಿತು. ಆಮೇಲೆ ಆ ಮಾತು.

ನಾಲ್ಕು ಹೆಜ್ಜೆ ಮುಂದೆ ಬಂದಿದ್ದ ವ್ಯಾಪಾರಿಗಳೆಲ್ಲ ಸದ್ದಿಲ್ಲದೆ ಪಕ್ಕದ ರಾಶಿಗೆ ಸರಿದುಬಿಟ್ಟರು. ಅಂಜಿನಪ್ಪನ ಮುಖ ಬಿಳಿಚಿಕೊಂಡದ್ದು ನನಗೂ ಕಾಣಿಸಿತು. ವೀರಭದ್ರಪ್ಪ ಮಣ್ಣು ಅಂದ ಬೆಲ್ಲವನ್ನು ಇನ್ನು ಯಾರು ಕೊಳ್ಳುತ್ತಾರೆ? ಇವತ್ತಿನದಷ್ಟೇ ಅಲ್ಲ, ಮುಂದಿನ ವರ್ಷದ್ದೂ?

"ನನ್ನ ಬೆಲ್ಲ ಮಣ್ಣಾ? ಏಂ ಮಾಟ್ಲಾಡ್ತಾಂಡಾರು ಸಾವ್ಕಾರೂ!" ಅಂತ ಎಗರಿ ಬಂದ. (ಏನು ಮಾತಾಡ್ತಿದ್ದೀರಿ ಅಂತ, ತೆಲುಗಿನಲ್ಲಿ. ನಮ್ಮ ಕಡೆ ಮಾತು ಯಾವ ಭಾಷೆಯಲ್ಲಿ ಶುರುವಾದರೂ ಸಿಟ್ಟು ಬಂದಾಗ ಇನ್ನೊಂದು ಭಾಷೆಗೆ ಹಾರುತ್ತದೆ.) "ನನ್ನ ಮಕ್ಳ ಆಣೆಗೂ ಒಂದು ಹಿಡಿ ಹೊಲಸು ಬೆರ್ಸಿಲ್ಲ. ಬನ್ರಪ್ಪಾ, ಎಲ್ರೂ ತಿಂದು ನೋಡ್ರಿ!"

ಪಕ್ಕದ ವ್ಯಾಪಾರಿಯೊಬ್ಬರು ಒಂದು ಚೂರು ಬಾಯಿಗೆ ಹಾಕಿಕೊಂಡರು. "ಸೀಯಾಗೇ ಐತಲ್ಲ ಈರಬದ್ರಪ್ಪ?"

ಮಾವ ಮತ್ತೆ ಮುರಿದು ನಾಲಿಗೆಗಿಟ್ಟರು. ಮಣ್ಣು. ಪಕ್ಕದ ರಾಶಿಗೆ ಹೋಗಿ ಅಲ್ಲಿಂದ ಒಂದು ಚೂರು ಬಾಯಿಗೆ ಹಾಕಿ ಉಗಿದರು. ಮಣ್ಣು. ಆಚೆಯ ರಾಶಿ. ಅದೂ ಮಣ್ಣು. ರಾಶಿಯಿಂದ ರಾಶಿಗೆ ಓಡಾಡುತ್ತಿದ್ದ ಮಾವ ಒಮ್ಮೆಲೇ ತಕ್ಕಡಿಯ ಹಲಗೆಯ ಮೇಲೆ ಕುಸಿದು ಕೂತರು.

"ಗೌರೀ, ನನ್ನ ನಾಲಿಗೆ ಸತ್ತೋಯ್ತು ಕಣೇ."

ಶುಗರ್ ಅಂತ ಡಾಕ್ಟರು ಹೇಳಿದಾಗಲೂ ನಕ್ಕಿದ್ದ ಮನುಷ್ಯ ಅವರು. ಅವತ್ತು ತಲೆಯ ಮೇಲೆ ಕೈ ಹೊತ್ತುಬಿಟ್ಟರು. ಎಗರಾಡುತ್ತಿದ್ದ ಅಂಜಿನಪ್ಪನೂ ಹತ್ತಿರ ಬಂದು ಬಗ್ಗಿ ನೋಡಿದ.

ಅತ್ತೆ ಮುಂದೆ ಬಂದು, "ಬಾಯಿ ತೆಗೀರಿ" ಅಂದರು. ಮಕ್ಕಳಿಗೆ ಹೇಳುವ ಹಾಗೆ. ಮಾವ ತೆಗೆದರು. ನಾಲಿಗೆಯೆಲ್ಲ ಹಸಿರು. "ಇದು ವೀಳ್ಯದೆಲೆ ಬಣ್ಣ ಅಲ್ಲ. ಏನು ತಿಂದ್ರಿ?"

ಮಾವ ಕಳ್ಳನ ಹಾಗೆ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಒಳಗೆ ಸಣ್ಣ ಸಣ್ಣ ಹಸಿರೆಲೆ.

"ಪೊಡಪತ್ರಿ. ಪೆನುಕೊಂಡದ ಸ್ನೇಹಿತ ಕೊಟ್ಟ. ಬೆಟ್ಟದ ಬಳ್ಳಿ ಅಂತೆ. ಜಗಿದ್ರೆ ಒಳಗಿರೋ ಸಕ್ಕರೆ ಸಾಯ್ತದೆ ಅಂದ."

"ಒಳಗಿಂದು ಸತ್ತಿತೋ ಬುಟ್ಟಿತೋ, ಬಾಯಿಂದು ಸತ್ತೈತೆ!"

"ಎಲೆ ತಿಂದ್ರೆ ಬೆಲ್ಲ ಮಣ್ಣಾಯ್ತದೇನೇ? ಹುಚ್ಚಿ!"

"ಕೊಡ್ರಿ ಇಲ್ಲಿ" ಅಂತ ಕೈ ಚಾಚಿದವನು ಅಂಜಿನಪ್ಪ. ಅವನ ಮರ್ಯಾದೆ ಆ ಪೊಟ್ಟಣದಲ್ಲಿತ್ತು ನೋಡಿ. ಎರಡು ಎಲೆ ಚೆನ್ನಾಗಿ ಜಗಿದು ಉಗಿದ. ತನ್ನದೇ ಬೆಲ್ಲದ ದೊಡ್ಡ ತುಂಡು ಬಾಯಿಗಿಟ್ಟ. ನಾವೆಲ್ಲ ಅವನ ಬಾಯನ್ನೇ ನೋಡುತ್ತಿದ್ದೆವು.

ಅವನ ಕಣ್ಣು ಅಗಲವಾಯಿತು.

"ಅಯ್ಯೋ ನಮ್ಮಪ್ಪಾ! ಮಣ್ಣೇ ಕಣ್ರೋ!"

ಮಂಡಿಗೆ ಮಂಡಿಯೇ ನಕ್ಕುಬಿಟ್ಟಿತು. ಆಮೇಲೆ ಎಲೆಗೆ ನೂಕುನುಗ್ಗಲು! ವ್ಯಾಪಾರಿಗಳು, ಹಮಾಲರು, ಚಹಾದವನು, ಎಲ್ಲರಿಗೂ ಒಂದೊಂದು ಎಲೆ ಬೇಕು. ಎಲ್ಲರೂ ಬೆಲ್ಲ ತಿಂದು "ಥೂ ಥೂ" ಅನ್ನುವವರೇ. ನಾನೂ ತಿಂದೆ (ಈ ಅಂಕಣ ಬರೆಯುವುದಕ್ಕಾಗಿ ಅಂತ ಇಟ್ಟುಕೊಳ್ಳಿ). ಹೊಳೆಯ ಮರಳನ್ನು ಜಗಿದ ಹಾಗಿತ್ತು. ಅದರ ಮೇಲೆ ಕುಡಿದ ಚಹಾ ಬರೀ ಬಿಸಿನೀರು.

ನನ್ನ ಬಾಯಲ್ಲೇ ಎಲೆಯಿಟ್ಟುಕೊಂಡು ನಾನು ಇದುವರೆಗೆ ಎಷ್ಟು ಜನರ ಬೆಲ್ಲವನ್ನು ಮಣ್ಣು ಅಂದಿರಬಹುದು ಅಂತ ಒಂದು ಕ್ಷಣ ಅನ್ನಿಸಿತು. ನಿಮಗೂ ಅನ್ನಿಸುತ್ತಿದೆಯೇ? ಹಾಗಾದರೆ ಉಪದೇಶದ ಕೆಲಸ ಮುಗಿಯಿತು, ಕಥೆಗೆ ಬರೋಣ.

ಮಾವ ಎದ್ದರು. ಅದೇ ಹಲಗೆಯ ಮೇಲೆ ಹತ್ತಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: "ಅಂಜಿನಪ್ಪಾ, ಬಾಯಿ ಜಾರ್ತು ಅನ್ನಾಕಿಲ್ಲ ನಾನು. ಬಾಯೇ ಕೆಟ್ಟಿತ್ತು. ತಪ್ಪಾಯ್ತು ಕಣಪ್ಪ. ನಿನ್ನ ರಾಶಿ ಅಷ್ಟೂ ನಂಗೇ ಇರಲಿ."

"ರುಚಿ ನೋಡದೇನೇ?" ಅಂದ ಅಂಜಿನಪ್ಪ. ಕೋಪ ಹೋಗಿತ್ತು, ಹಟ ಹೋಗಿರಲಿಲ್ಲ. "ನೋಡೇ ತಗೊಳ್ಳಿ. ಇಲ್ದಿದ್ರೆ ನಂಗೆ ಬ್ಯಾಡ."

ಯಾರು ನೋಡಬೇಕು? ಮಾವನ ನಾಲಿಗೆ ರಜೆಯಲ್ಲಿದೆ. ಉಳಿದವರ ನಾಲಿಗೆಗೆ ಎಲೆ ಬಿದ್ದಾಗಿದೆ. ಮಂಡಿಯಲ್ಲಿ ಎಲೆ ತಿನ್ನದವರು ಒಬ್ಬರೇ.

ಅತ್ತೆ ಸೆರಗು ಸರಿಮಾಡಿಕೊಂಡು ಬಂದರು. ಉಗುರಿನಷ್ಟು ಚೂರು ನಾಲಿಗೆಗಿಟ್ಟರು. ಕಣ್ಣನ್ನೇನೂ ಮುಚ್ಚಲಿಲ್ಲ. "ಒಳ್ಳೆ ಬೆಲ್ಲ. ಆದ್ರೆ ಒಂದು ಕಾಳು ಉಪ್ಪೈತೆ. ನಿಮ್ಮ ಬಾವಿ ನೀರು ಸವುಳೇನಪ್ಪಾ?"

ಅಂಜಿನಪ್ಪ ತಲೆ ಕೆರೆದುಕೊಂಡ. "ಹೂಂ ತಾಯಿ. ಈ ವರ್ಷ ಕಬ್ಬಿಗೆ ಹೊಸ ಬಾವಿ ನೀರು ಬುಟ್ಟಿದ್ದೆ."

"ಒಬ್ಬಟ್ಟಿಗೆ, ಉಂಡೆಗೆ ಬೋ ಚೆನ್ನಾಗಾಯ್ತದೆ. ಪಾಯಸಕ್ಕೆ ಬ್ಯಾಡ ಕಣಮ್ಮ, ಹಾಲು ಒಡೀತದೆ" ಅಂತ ನನ್ನ ಕಡೆ ತಿರುಗಿ ಹೇಳಿ, ಆಚೆಯ ರಾಶಿಯಿಂದ ಎರಡು ಅಚ್ಚು ಆರಿಸಿ ನನ್ನ ಚೀಲಕ್ಕೆ ಹಾಕಿದರು.

ಮಾವ ಬಾಯಿ ತೆರೆದುಕೊಂಡೇ ನಿಂತಿದ್ದರು. "ನಿಂಗೆ ಇದೆಲ್ಲ ಹೆಂಗೆ ಗೊತ್ತಾಯ್ತೇ?"

"ನೀವು ಮನೆಗೆ ತಂದಿದ್ನೆಲ್ಲ ಕುದ್ಸಿದ್ದು ಯಾರು?"

ಗೃಹಪ್ರವೇಶಕ್ಕೆ ಇಬ್ಬರೂ ಕಲ್ಯಾಣದುರ್ಗಕ್ಕೆ ಬಂದರು. ಪಾಯಸ ಒಡೆಯಲಿಲ್ಲ. ಆಫೀಸಿನವರು ಎರಡೆರಡು ಸಲ ಹಾಕಿಸಿಕೊಂಡರು. ಯಜಮಾನರು "ನಾನೇ ಬೆಲ್ಲದ್ದು ಮಾಡಿಸಿದ್ದು" ಅಂತ ಹೇಳಿಕೊಂಡು ಓಡಾಡಿದರು. ಮಾವನಿಗೆ ಅತ್ತೆ ಕೊಟ್ಟದ್ದು ಒಂದೇ ಚಮಚ. ಆ ಚಮಚವನ್ನು ಅವರು ಎಷ್ಟು ಹೊತ್ತು ತಿಂದರೆಂದರೆ, ಪಂಕ್ತಿಯೇ ಎದ್ದು ಹೋಗಿತ್ತು. ಉಳಿದ ಎಲೆಯ ಪೊಟ್ಟಣವನ್ನು ಅತ್ತೆ ಡಾಕ್ಟರ ಮೇಜಿನ ಮೇಲೆ ಇಟ್ಟು ಬಂದಿದ್ದಾರಂತೆ. ಡಾಕ್ಟರು ಮಾತ್ರೆ ಮಾತ್ರ ಬಿಡಬೇಡಿ ಅಂದಿದ್ದಾರೆ.

ಈಗ ದಿನವೂ ಮಂಡಿಗೆ ಇಬ್ಬರೂ ಹೋಗುತ್ತಾರೆ. ಅತ್ತೆ ಚೂರು ಬಾಯಿಗಿಡುತ್ತಾರೆ, ಮಾವ "ಹೆಂಗೈತೆ?" ಅಂತ ಕೇಳಿ ರೇಟು ಕೂಗುತ್ತಾರೆ. ವ್ಯಾಪಾರಿಗಳೆಲ್ಲ ಅತ್ತೆಯ ಮುಖ ನೋಡಲು ಶುರುಮಾಡಿದ್ದಾರೆ. ಮಾವ ಅವರಿಗೆಲ್ಲ ಏನು ಹೇಳುತ್ತಿದ್ದಾರೆ ಗೊತ್ತೆ?

"ಅವ್ಳಿಗೆ ಟ್ರೈನಿಂಗ್ ಕೊಟ್ಟಿದ್ದೇ ನಾನು!"

ಅತ್ತೆ ಕೇಳಿಸಿಕೊಂಡೂ ಬೆಲ್ಲ ಚಪ್ಪರಿಸುತ್ತಲೇ ಇರುತ್ತಾರೆ. ಬಾಯಿ ಸಿಹಿಯಾಗಿದ್ದಾಗ ಯಾರು ತಾನೇ ಜಗಳಕ್ಕೆ ನಿಲ್ಲುತ್ತಾರೆ?