ಹಸಿರು ಅಂಚಿನ ಗಾಡಿ

ಹೊಸ ಟಾರ್ಪಾಲಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಚಪ್ಪಲಿ ಅಂಗಡಿಯೊಳಗೆ ಯಾರೋ ಸೀಮೆಎಣ್ಣೆ ಚೆಲ್ಲಿದ ಹಾಗಿರುತ್ತದೆ. ಇವತ್ತು ಬೆಳಿಗ್ಗೆ ಅಂಥದ್ದೊಂದನ್ನು ಹಾಲ್ ತುಂಬ ಹರಡಿಕೊಂಡು, ದಬ್ಬಳ ಹಿಡಿದು, ಅಂಚಿಗೆ ಹಸಿರು ಬಟ್ಟೆ ಹೊಲಿಯುತ್ತ ಕೂತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕರವಸ್ತ್ರದ ಮೂಲೆಯಲ್ಲಿ ಗುಲಾಬಿ ಮೊಗ್ಗು ಅರಳಿಸುವುದನ್ನು ಕಲಿಸಿದ್ದರು. ಆ ವಿದ್ಯೆ ಕೊನೆಗೆ ಸರಕು ಗಾಡಿಯ ಹೊದಿಕೆಗೆ ಬಂದು ನಿಂತಿತು.

ನಮ್ಮದು ಒಂದೇ ಗಾಡಿಯ ವ್ಯವಹಾರ. ಶಿವಮೊಗ್ಗದ ಮಾರ್ಕೆಟ್ಟಿನಲ್ಲಿ ತುಂಬಿಕೊಂಡು ಭದ್ರಾವತಿಯ ಕಡೆ ಇಳಿಸಿ ಬರುವುದು. ಅಲ್ಲಿ ನಿಲ್ಲುವ ಗಾಡಿಗಳೆಲ್ಲ ಒಂದೇ ಬಿಳಿ, ಒಂದೇ ಮುಖ. ಬೆನ್ನ ಮೇಲೆ ಮೂಟೆ ಹೊತ್ತ ಹಮಾಲರಿಗೆ ಬಗ್ಗಿ ನಂಬರ್ ಓದು ಎಂದರೆ ಆದೀತೆ? ಟಾರ್ಪಾಲು ನೋಡಿಯೇ ಯಾರ ಗಾಡಿ ಅಂತ ಗುರುತಿಸುವುದು ಅಲ್ಲಿನ ರೂಢಿ. ಹಾಗಾಗಿ ಹಳೆಯ ಕರ್ಟನ್ ಒಂದನ್ನು ಹರಿದು ನಮ್ಮದಕ್ಕೆ ಅಂಚು ಕಟ್ಟಿದ್ದೆ. ನಮ್ಮ ಯಜಮಾನರ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಮಾರ್ಕೆಟ್ಟಿಗೆಲ್ಲ ಅವರು ‘ಹಸಿರು ಅಂಚಿನವರು’.

ಟಾರ್ಪಾಲಿನ ಮೇಲೆ ಬರೆಸಿದ್ದ ಫೋನ್ ನಂಬರ್ ಮಾತ್ರ ನನ್ನದು. ಇವರಿಗೆ ಕೋಪ ಮೂಗಿನ ತುದಿಯಲ್ಲಿ. ಸರಕು ತಡವಾಗಿದೆ ಎಂದು ಗಿರಾಕಿ ಬೈದರೆ ಇವರು ತಿರುಗಿ ಬೈದು, ಗಿರಾಕಿಯೇ ತಪ್ಪಿ ಹೋಗುವುದು. ‘ನಿನ್ನ ದನಿ ಕೇಳಿದ್ರೆ ಬೈಯೋರಿಗೂ ನಾಚಿಕೆ ಆಗುತ್ತೆ, ನೀನೇ ಮಾತಾಡು’ ಎಂದು ಆ ಕೆಲಸ ನನಗೆ ಬಂತು. ಶುರುವಿನಲ್ಲಿ ನಾನು ಶಾಲೆಯಲ್ಲಿ ಪತ್ರ ಬರೆದಂತೆ ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ’ ಎನ್ನುತ್ತಿದ್ದೆ. ಸಿಮೆಂಟ್ ಅಂಗಡಿಯವರೊಬ್ಬರು, ‘ಅಮ್ಮಾ, ವಿಷಾದ ಆಮೇಲೆ ಮಾಡಿ, ಸಿಮೆಂಟ್ ಎಲ್ಲಿ?’ ಎಂದು ಕೇಳಿದ ಮೇಲೆ ಬಿಟ್ಟೆ.

ಬೈಗುಳವನ್ನಾದರೂ ಸಹಿಸಬಹುದು. ನಮ್ಮನ್ನು ನಿಜವಾಗಿ ತಿನ್ನುತ್ತಿದ್ದದ್ದು ಖಾಲಿ ಗಾಡಿ. ಹೋಗುವಾಗ ಲೋಡು, ಬರುವಾಗ ಬರೀ ಗಾಳಿ. ಭದ್ರಾವತಿಯ ಮುರುಗೇಶ್ ಅವರ ಗಾಡಿಯದ್ದೂ ಇದೇ ಪಾಡು, ಆದರೆ ಉಲ್ಟಾ: ಅವರು ಅಲ್ಲಿಂದ ತುಂಬಿ ತಂದು ಇಲ್ಲಿಂದ ಖಾಲಿ ಹೋಗುತ್ತಿದ್ದರು. ಇಬ್ಬರೂ ಕೂತು ಮಾತಾಡಿದ್ದರೆ ಒಂದು ಲೋಟ ಟೀಯಲ್ಲಿ ಮುಗಿಯುವ ವಿಷಯ. ಆದರೆ ಇವರು ‘ನಮ್ಮ ಮಾರ್ಕೆಟ್ಟಲ್ಲಿ ಲೋಡ್ ಎತ್ತಬೇಡ’ ಎಂದು ಅವರಿಗೆ ಹೇಳಿ, ಅವರು ‘ಹಂಗಾದ್ರೆ ನಮ್ಮೂರಲ್ಲಿ ನೀನೂ ಮುಟ್ಟಬೇಡ’ ಎಂದು ಇವರಿಗೆ ಹೇಳಿ, ಇಬ್ಬರೂ ಮರ್ಯಾದೆಯನ್ನು ತುಂಬಿಕೊಂಡು ಖಾಲಿ ಓಡಾಡುತ್ತಿದ್ದರು. ಕೊನೆಗೆ ನಮ್ಮ ಗಾಡಿ ಮಾರುವುದು ಎಂದಾಯಿತು. ಹೊಳಲೂರಿನವರೊಬ್ಬರು ಸೋಮವಾರ ಬಂದು ನೋಡುತ್ತೇವೆ ಎಂದಿದ್ದರು. ಇವರು ಗಾಡಿಯನ್ನು ತೊಳೆದರು. ಹೆಣ್ಣು ನೋಡಲು ಬರುವವರಿಗಾಗಿ ಮಗಳನ್ನು ಸಿದ್ಧ ಮಾಡಿದ ಹಾಗೆ, ಆದರೆ ಮುಖದಲ್ಲಿ ಆ ಸಂಭ್ರಮ ಇರಲಿಲ್ಲ.

ಅದೇ ವಾರ ಒಂದು ಸಂಜೆ ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಇವರು ಬರಿಗೈಯಲ್ಲಿ ಮನೆಗೆ ಬಂದು, ‘ಟಾರ್ಪಾಲು ಕೊಟ್ಟುಬಂದೆ’ ಎಂದರು. ಆಲ್ಕೊಳ ಸರ್ಕಲ್ಲಿನಲ್ಲಿ ಮುರುಗೇಶರ ಗಾಡಿ ನಿಂತಿತ್ತಂತೆ, ತುಂಬ ಹತ್ತಿಯ ಹಾಸಿಗೆ, ಮೇಲೆ ಹರಿದ ಹೊದಿಕೆ.

‘ಅವರ ಜೊತೆ ಮಾತು ಬಿಟ್ಟಿದ್ರಲ್ಲ?’ ಎಂದೆ.

‘ಅವನ ಜೊತೆ ಜಗಳ ಮಾರಾಯ್ತಿ. ಹಾಸಿಗೆ ಏನು ಮಾಡಿತ್ತು?’

ಮರುದಿನ ಬೆಳಿಗ್ಗೆ ಮುರುಗೇಶ್ ಅದನ್ನು ವಾಪಸ್ ಕೊಡಲೆಂದೇ ಮಾರ್ಕೆಟ್ಟಿಗೆ ಬಂದು, ಗಾಡಿ ನಿಲ್ಲಿಸಿ, ಇವರು ಬರುವವರೆಗೆ ತಿಂಡಿ ತಿನ್ನೋಣ ಎಂದು ಹೋಟೆಲ್ಲಿಗೆ ಹೋದರು. ಹಮಾಲರು ಗಾಡಿಯ ಮೇಲಿದ್ದ ಹಸಿರು ಅಂಚು ನೋಡಿದರು. ಶಂಕರಘಟ್ಟದ ಹಾಸ್ಟೆಲಿಗೆಂದು ನಮ್ಮ ಗಾಡಿಗೆ ಗೊತ್ತುಮಾಡಿದ್ದ ಕಬ್ಬಿಣದ ಬೀರುಗಳನ್ನೆಲ್ಲ ಆ ಗಾಡಿಗೆ ಏರಿಸಿ, ಹಗ್ಗ ಬಿಗಿದುಬಿಟ್ಟರು. ತಿಂಡಿ ಮುಗಿಸಿ ಬಂದ ಮುರುಗೇಶರಿಗೆ ಅಂಗಡಿಯ ಗುಮಾಸ್ತ ಬಿಲ್ಲನ್ನೂ ಕೈಗಿತ್ತ. ಅವರು ತಿಳಿದದ್ದು ಒಂದೇ: ಹಸಿರು ಅಂಚಿನವರು ರಾಜಿಯಾಗಿ ತಮ್ಮ ಲೋಡನ್ನೇ ಬಿಟ್ಟುಕೊಟ್ಟಿದ್ದಾರೆ. ಖುಷಿಯಿಂದ ಹೊರಟೇಹೋದರು.

ಇವರು ಹೋಗಿ ನೋಡಿದರೆ ಬೀರೂ ಇಲ್ಲ, ಟಾರ್ಪಾಲೂ ಇಲ್ಲ. ಮನೆಗೆ ಬಂದು ಗಾಡಿಯ ಚಾವಿಯನ್ನು ಟೇಬಲ್ಲಿನ ಮೇಲೆ ಎಸೆದು, ‘ಕಳ್ಳ ನನ್ಮಗ! ಉಪಕಾರ ಮಾಡಿದ್ದಕ್ಕೆ ಲೋಡನ್ನೇ ಹೊಡೆದ’ ಎಂದು ಕೂಗುತ್ತಿರುವಾಗ ಫೋನ್ ಬಂತು. ಮುರುಗೇಶರ ಹೆಂಡತಿ ಸೆಲ್ವಿ. ಅವರ ದನಿ ನಾನು ಕೇಳಿದ್ದು ಅದೇ ಮೊದಲು.

‘ಅಕ್ಕಾ, ನಿಮ್ಮ ಮನೆಯವ್ರು ದೇವ್ರಂಥೋರು ಅಕ್ಕಾ. ನಮ್ಮೋರು ಫೋನಲ್ಲೇ ಅತ್ತುಬಿಟ್ರು. ಜಗಳ ಆಡಿದ್ರೂ ಅಷ್ಟು ಲೋಡ್ ಬಿಟ್ಟುಕೊಟ್ರಲ್ಲ!’

ದೇವರಂಥವರು ನನ್ನ ಎದುರಿಗೇ ಹಲ್ಲು ಕಡಿಯುತ್ತ ನಿಂತಿದ್ದರು. ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಸುಳ್ಳು ಹೇಳಬಾರದೆಂದು ಸಿಸ್ಟರ್ ಕಲಿಸಿದ್ದರು, ಸುಮ್ಮನಿರಬಾರದೆಂದು ಕಲಿಸಿರಲಿಲ್ಲ.

‘ಇರಲಿ ಬಿಡಿ. ಇವರ ಗಾಡಿ ಇವತ್ತು ಖಾಲಿ ಇದೆ. ನಿಮ್ಮ ಕಡೆ ಏನಾದ್ರೂ...’ ಎಂದೆ.

‘ಅಯ್ಯೋ, ಕಿಟಕಿ ಗ್ರಿಲ್ಲು ರಾಶಿ ಬಿದ್ದಿದೆ ಅಕ್ಕಾ! ಶಿವಮೊಗ್ಗಕ್ಕೇ ಬರಬೇಕಾದ್ದು. ಈಗ್ಲೇ ಕಳ್ಸಿ, ಊಟಕ್ಕೆ ಕಾಯ್ತೀನಿ ಅಂತ ಹೇಳಿ.’

ನಾನು ಅದನ್ನೆಲ್ಲ ಹೇಳಿದಾಗ ಇವರು ಕೂಗು ನಿಲ್ಲಿಸಿ ನನ್ನ ಮುಖ ನೋಡಿದರು. ‘ದೇವ್ರಂಥೋರು ಅಂದ್ರಾ?’ ಎಂದು ಇನ್ನೊಮ್ಮೆ ಕೇಳಿಕೊಂಡರು. ಅಂಥ ಮಾತನ್ನು ಒಪ್ಪಿಕೊಂಡ ಮೇಲೆ ಜಗಳ ಮುಂದುವರಿಸುವುದು ಕಷ್ಟ. ಚಾವಿ ಎತ್ತಿಕೊಂಡು ಹೊರಟರು. ಆ ದಿನ ಮೊದಲ ಸಲ ನಮ್ಮ ಗಾಡಿ ಭದ್ರಾವತಿಯಿಂದ ತುಂಬಿ ಬಂತು. ಸೋಮವಾರ ಹೊಳಲೂರಿನವರಿಗೆ ಕಾಫಿ ಕೊಟ್ಟು, ‘ಮಾರೋದಿಲ್ಲ, ಕ್ಷಮಿಸಿ’ ಎಂದು ಇವರೇ ಕೈಮುಗಿದರು.

ಆಮೇಲೆ ಸಲೀಸಾಗಿ ನಡೆಯಿತು ಎಂದರೆ ನೀವು ನಂಬಬೇಡಿ. ಪಂಕ್ಚರ್, ಗೇಟಿನಲ್ಲಿ ಕಾಯಿಸುವ ವಾಚ್‌ಮನ್, ಫೋನ್ ಎತ್ತದ ಗಿರಾಕಿ, ಎಲ್ಲವೂ ಇವತ್ತಿಗೂ ಇವೆ. ಯಜಮಾನರಿಬ್ಬರೂ ಹಬ್ಬಕ್ಕೊಂದು ಸಲ ಮಾತು ಬಿಡುತ್ತಾರೆ. ಆಗ ನಾನೂ ಸೆಲ್ವಿಯೂ ಲೋಡು ಹಂಚುತ್ತೇವೆ. ನನ್ನ ಸಾರಿಗೆ ಈಗ ಅವಳ ಮೆಣಸಿನ ಖಾರ ಬಂದಿದೆ.

ಮೊನ್ನೆ ಸಿಮೆಂಟ್ ಅಂಗಡಿಯವರು ಒಂದು ಮಾತು ಹೇಳಿದರು. ಹೋದ ವಾರ ನಮ್ಮ ಗಾಡಿ ದಾರಿಯಲ್ಲಿ ಕೆಟ್ಟು ನಿಂತಾಗ ಅವರು ಸರಕು ಮುರುಗೇಶರ ಗಾಡಿಯಲ್ಲಿದೆ ಎಂದುಕೊಂಡು ಸೆಲ್ವಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಿದ್ದರಂತೆ. ‘ಪೂರಾ ಕೇಳಿಸಿಕೊಂಡ್ರಮ್ಮ. ಅದು ನಿಮ್ಮ ಗಾಡಿ ಅಂತ ಒಂದು ಮಾತೂ ಹೇಳ್ಲಿಲ್ಲ. ಆಮೇಲೆ ಗೊತ್ತಾಗಿ ನಂಗೇ ಒಂಥರಾ ಆಯ್ತು.’ ಸೆಲ್ವಿ ನನಗೂ ಹೇಳಿರಲಿಲ್ಲ.

ಮುರುಗೇಶರ ಗಾಡಿಗೆಂದು ತಂದ ಈ ಹೊಸ ಟಾರ್ಪಾಲಿನ ಹೊಲಿಗೆಯ ನಡುವೆ ಈಗಷ್ಟೇ ಫೋನ್ ಬಂತು. ಶಂಕರಘಟ್ಟದ ಹಾಸ್ಟೆಲಿನವರು. ಬೆಳಿಗ್ಗೆ ಬರಬೇಕಾದ ಮಂಚಗಳು ಬಂದಿಲ್ಲ, ಕೆಲಸದವರು ಕಾಯುತ್ತಿದ್ದಾರೆ, ನಿಮಗೆಲ್ಲ ಜವಾಬ್ದಾರಿ ಇದೆಯಾ ಎಂದು ಶುರುವಾಯಿತು. ಅದು ಮುರುಗೇಶರ ಗಾಡಿಯೆಂದು ನನಗೆ ಗೊತ್ತು. ಒಲೆಯ ಉರಿ ಸಣ್ಣ ಮಾಡಿ, ಕುರ್ಚಿ ಎಳೆದುಕೊಂಡು ಕೂತೆ.

‘ಹೇಳಿ ಸಾರ್,’ ಎಂದೆ, ‘ಕೇಳ್ತಿದ್ದೀನಿ.’