ಅಕ್ಕ ಕೇಳುತ್ತಿದ್ದ ದಾರ

ಅಕ್ಕ ಸುರಪುರದಲ್ಲಿ ಜಂಪರ್ ಹೊಲಿಯುತ್ತಿದ್ದಳು. ಕಿಡ್ನಿ ಕೆಟ್ಟ ಮೇಲೆ ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಯಾದಗಿರಿಗೆ ಹೋಗಬೇಕಾಯಿತು. ನಾನು ಶಹಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅವಳ ಬಸ್ಸು ಶಹಾಪುರಕ್ಕೆ ಬಂದಾಗ ನಾನೂ ಹತ್ತುತ್ತಿದ್ದೆ. ಯಂತ್ರ ಅವಳ ರಕ್ತ ಸೋಸುವಷ್ಟು ಹೊತ್ತು ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂಡುತ್ತಿದ್ದೆ.

ನಾನು ಹುಡುಕುತ್ತಿದ್ದದ್ದು ವಿಶ್ವತಂತುಗಳನ್ನು. ವಿಶ್ವ ಹುಟ್ಟಿದ ಕಾಲದಿಂದ ಉಳಿದಿರಬಹುದಾದ, ಪರಮಾಣುವಿಗಿಂತ ತೆಳ್ಳಗಿನ, ಆಕಾಶದುದ್ದಕ್ಕೂ ಚಾಚಿದ ಎಳೆಗಳು. ಅವು ಚಾಟಿಯಂತೆ ಬೀಸಿದಾಗ ಗುರುತ್ವದ ಅಲೆ ಏಳಬೇಕು ಎಂಬುದು ಲೆಕ್ಕ. ದೂರದೇಶದ ಉಪಕರಣಗಳು ದಾಖಲಿಸಿದ ಕಂಪನಗಳಲ್ಲಿ ಅಂಥ ಒಂದೇ ಒಂದು ಅಲೆಗಾಗಿ ನಮ್ಮ ತಂಡ ಹುಡುಕುತ್ತಿತ್ತು. ಅದನ್ನು ಯಾರೂ ಕಂಡವರಿಲ್ಲ.

‘ಸಿಕ್ತೇನೋ ತಮ್ಮಾ, ನಿನ್ನ ದಾರ?’

‘ಇಲ್ಲಕ್ಕ.’

‘ನನ್ನ ಡಬ್ಬ್ಯಾಗ ಬೇಕಾದಷ್ಟು ಅದಾವ. ಒಂದು ಒಯ್ದು ತೋರ್ಸು, ಯಾರಿಗಿ ತಿಳೀತದ?’

ಪಕ್ಕದ ಹಾಸಿಗೆಯವರೂ ನಗುತ್ತಿದ್ದರು.

ಒಂದು ದಿನ ಸಿಕ್ಕಿತು. ಎರಡು ಉಪಕರಣಗಳ ದಾಖಲೆಯಲ್ಲಿ ಒಂದೇ ಆಕಾರದ ಕಂಪನ. ನಾವು ಲೆಕ್ಕ ಹಾಕಿಟ್ಟಿದ್ದ ಆಕಾರವೇ. ಅದೇ ಸ್ಟೂಲಿನ ಮೇಲೆ ಕೂತಿದ್ದೆ. ತಂಡಕ್ಕೆ ತಿಳಿಸಿದೆ. ಪರಿಶೀಲನೆ ಮುಗಿಯುವವರೆಗೆ ಮನೆಯವರಿಗೂ ಹೇಳಬಾರದು ಎಂಬುದು ನಮ್ಮ ನಿಯಮ.

ಅಕ್ಕ ಕೇಳಿದಳು. ‘ಇಲ್ಲ’ ಅಂದೆ.

‘ಮಾರಿ ಹಂಗ ಹೇಳವಲ್ದು,’ ಅಂದು ನನ್ನ ಮುಖ ನೋಡಿ, ಕಣ್ಣು ಮುಚ್ಚಿಕೊಂಡಳು.

ಪರಿಶೀಲನೆ ಮುಗಿಯುವ ಮೊದಲೇ ಅಕ್ಕ ತೀರಿಕೊಂಡಳು. ಸಾಯುವವಳಿಗೆ ಸುಳ್ಳು ಹೇಳಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮಣ್ಣು ಹಾಕುವಾಗಲೂ ಅದೇ.

ಆಮೇಲೆ ತಂಡದ ಸಭೆ ನಡೆಯಿತು, ಪರದೆಯ ಮೇಲೆ. ಮುಖ್ಯಸ್ಥರು ನಗುತ್ತ ಹೇಳಿದರು: ಅದು ಅಲೆಯಲ್ಲ. ನಮ್ಮ ಹುಡುಕಾಟ ಸರಿಯಿದೆಯೇ ಎಂದು ನೋಡಲು ತಂಡದ ಇಬ್ಬರು ಗುಟ್ಟಾಗಿ ದತ್ತಾಂಶದಲ್ಲಿ ಬೆರೆಸಿಟ್ಟ ನಕಲಿ ಗುರುತು. ಹೀಗೆ ಬೆರೆಸುವುದುಂಟು ಎಂದು ತಂಡಕ್ಕೆ ಸೇರುವಾಗಲೇ ನಮಗೆಲ್ಲ ಹೇಳಿದ್ದರು. ನಾನೂ ಒಪ್ಪಿದ್ದೆ. ಮೊದಲು ಕಂಡುಹಿಡಿದವನೆಂದು ನನಗೆ ಶಹಬ್ಬಾಸ್ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅಂದರೆ ಅಕ್ಕನಿಗೆ ನಾನು ಹೇಳಿದ್ದು ನಿಜವೇ ಆಗಿತ್ತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಅವಳ ಹೊಲಿಗೆ ಯಂತ್ರ ತರಲು ಸುರಪುರಕ್ಕೆ ಹೋದೆ. ಪಕ್ಕದ ಮನೆಯ ಚಾಚಿ ಬಾಗಿಲಿಗೆ ಬಂದಳು.

‘ನಿಮ್ಮಕ್ಕ ಓಣಿಗೆಲ್ಲ ಹೇಳ್ಯಾಳ ಬೇಟಾ. ನನ್ನ ತಮ್ಮಗ ಅವನ ದಾರ ಸಿಕ್ಕದ, ಹುಚ್ಚ ಬಾಯಿ ಬಿಡವಲ್ಲ ಅಂತಿದ್ಳು. ಭಾಳ ಖುಷಿ ಇದ್ಳು. ಪೇಪರ್‌ನ್ಯಾಗ ಯಾವಾಗ ಬರ್ತದ?’

ನಮ್ಮ ಪ್ರಬಂಧ ಆಗಲೇ ಸಿದ್ಧವಾಗಿತ್ತು. ಅಂಥ ಅಲೆ ಯಾವುದೂ ಕಂಡಿಲ್ಲ ಎಂದು ಅದರಲ್ಲಿ ಬರೆದಿದ್ದೆವು.

‘ಬರ್ತದ ಚಾಚಿ,’ ಅಂದೆ. ‘ಇನ್ನ ಸ್ವಲ್ಪ ದಿನಕ್ಕ ಬರ್ತದ.’